ಮೂರನೆಯ ಏಟು

ಗಾಜಿನ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠ ಒಂದೇ: ಬೀಳುವ ಗಾಜಿಗೆ ಕೈ ಕೊಡಬೇಡ. ಕೊಯ್ಯುವುದು, ಅಂಚು ಉಜ್ಜುವುದು, ಚೌಕಟ್ಟಿಗೆ ಕೂರಿಸುವುದು, ಇವನ್ನೆಲ್ಲ ಆಮೇಲೆ ನಿಧಾನವಾಗಿ ಕಲಿಯಬಹುದು. ಗಾಜಿನ ಹಾಳೆ ಜಾರಿತೋ, ಎರಡೂ ಕೈಯನ್ನು ಹಿಂದಕ್ಕೆಳೆದುಕೊಂಡು, ಒಂದು ಹೆಜ್ಜೆ ಸರಿದು, ಅದು ಒಡೆಯುವುದನ್ನು ನೋಡುತ್ತ ನಿಲ್ಲಬೇಕು. ಯಜಮಾನ ಬೈಯುತ್ತಾನೆ, ಬೈಯಲಿ. ಬೈಗುಳದಿಂದ ಯಾರಿಗೂ ರಕ್ತ ಬಂದಿಲ್ಲ.

ಈ ಪಾಠ ಪಟಾಕಿ ಎಂದು ಎಲ್ಲರೂ ಕರೆಯುತ್ತಿದ್ದವನಿಗೆ ಗೊತ್ತಿರಲಿಲ್ಲವೆಂದಲ್ಲ. ಹೊಸಬರಿಗೆ ಅದನ್ನು ಹೇಳಿಕೊಡುತ್ತಿದ್ದವನೇ ಅವನು. ಆದರೆ ತಲೆಗೆ ಗೊತ್ತಿರುವುದು ಬೇರೆ, ಕೈಗೆ ಗೊತ್ತಿರುವುದು ಬೇರೆ. ಅವನ ಕೈ ಓದಿದ ಶಾಲೆಯೇ ಬೇರೆಯಾಗಿತ್ತು.

ಆ ಶಾಲೆ ಇದ್ದದ್ದು ವರ್ಕ್‌ಶಾಪಿನಿಂದ ಎರಡು ಬೀದಿ ಆಚೆ, ಬೀಗ ರಿಪೇರಿ ಅಂಗಡಿಯ ಮಹಡಿಯಲ್ಲಿ. ಎಲ್ಲರೂ ಅದನ್ನು ಗೇಮ್ ರೂಮು ಎನ್ನುತ್ತಿದ್ದರು. ಕಿಟಕಿಗೆ ಕಪ್ಪು ಕಾಗದ, ಗೋಡೆಯುದ್ದಕ್ಕೂ ಪರದೆಗಳು, ಒಂದೊಂದರ ಮುಂದೆ ಎರಡೆರಡು ಕುರ್ಚಿ. ಎಡಗೈಗೆ ಜಾಯ್‌ಸ್ಟಿಕ್, ಬಲಗೈಗೆ ಬಟನ್ನುಗಳು. ಪರದೆಯ ಮೇಲೆ ಇಬ್ಬರು ಬಡಿದಾಡುತ್ತಾರೆ, ಒಬ್ಬ ಬೀಳುತ್ತಾನೆ. ಮೂರರಲ್ಲಿ ಎರಡು ಸುತ್ತು ಗೆದ್ದವನು ಕುರ್ಚಿಯಲ್ಲಿ ಉಳಿಯುತ್ತಾನೆ, ಸೋತವನು ಎದ್ದು ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾನೆ. ಅಲ್ಲಿ ಜಾತಿ ಎರಡೇ: ನುಗ್ಗುವವರು, ಕಾಯುವವರು. ನುಗ್ಗುವವರು ಎದುರಾಳಿಗೆ ಉಸಿರೆಳೆದುಕೊಳ್ಳಲೂ ಬಿಡುವುದಿಲ್ಲ. ಕಾಯುವವರು ಮೂಲೆ ಹಿಡಿದು, ಕೈ ಅಡ್ಡ ಕೊಟ್ಟು, ಎದುರಿನವನು ಯಾವಾಗ ತಪ್ಪು ಮಾಡುತ್ತಾನೋ ಎಂದು ಬಕಧ್ಯಾನ ಮಾಡುತ್ತಾರೆ. ಒಂದು ಜಾತಿಯವರಿಗೆ ಇನ್ನೊಂದು ಜಾತಿಯವರನ್ನು ಕಂಡರೆ ಆಗುವುದಿಲ್ಲ.

ಪಟಾಕಿ ನುಗ್ಗುವವರಲ್ಲೆಲ್ಲ ನುಗ್ಗುವವನು. ಪರದೆಯ ಮೇಲೆ ಅವನು ಆರಿಸಿಕೊಳ್ಳುತ್ತಿದ್ದದ್ದು ಒಬ್ಬ ಸಣಕಲನನ್ನು. ಜಾಯ್‌ಸ್ಟಿಕ್ಕನ್ನು ಎರಡು ಸಲ ಪಟಪಟನೆ ಮುಂದಕ್ಕೆ ತಳ್ಳಿದರೆ ಸಾಕು, ಆ ಸಣಕಲ ಕಣ್ಣು ಮಿಟುಕಿಸುವಷ್ಟರಲ್ಲಿ ಎದುರಿನವನ ಎದೆಯ ಮೇಲಿರುತ್ತಿದ್ದ. ಹೆಸರು ಬಂದದ್ದು ಹಾಗೆ. ಅವನ ಭಾವ, ಅಂದರೆ ಅಕ್ಕನ ಗಂಡ, ಕಾಯುವ ಜಾತಿಯವನು. ಅದೇ ವರ್ಕ್‌ಶಾಪಿನಲ್ಲಿ ಅಂಚು ಉಜ್ಜುವ ಚಕ್ರದ ಮುಂದೆ ಕೂರುವವನು, ಮಾತು ಕಡಿಮೆ. ಪಟಾಕಿ ‘ಭಾವ, ಭಾವ’ ಎಂದು ಕರೆದೂ ಕರೆದೂ ಇಡೀ ಗೇಮ್ ರೂಮಿಗೆ ಅವನು ಭಾವನೇ ಆಗಿಬಿಟ್ಟಿದ್ದ. ಸೋತರೆ ಅವನು ಏನೂ ಅನ್ನುತ್ತಿರಲಿಲ್ಲ, ಆದರೆ ಎರಡೂ ಕಿವಿ ಕೆಂಡದ ಹಾಗೆ ಕೆಂಪಾಗುತ್ತಿದ್ದವು. ಪರದೆ ನೋಡುವುದೇ ಬೇಡ, ಭಾವನ ಕಿವಿ ನೋಡಿದರೆ ಯಾರು ಗೆದ್ದರೆಂದು ಗೊತ್ತಾಗುತ್ತದೆ ಎಂದು ಹಿಂದಿನಿಂದ ನಗುತ್ತಿದ್ದರು.

ಒಂದು ಮಧ್ಯಾಹ್ನ ಯಾವುದೋ ಅಂಗಡಿಯ ಮುಂಭಾಗಕ್ಕೆಂದು ಕೊಯ್ದ ದೊಡ್ಡ ಹಾಳೆಯನ್ನು ನಾಲ್ವರು ಹೊತ್ತು ಗಾಡಿಗೆ ಏರಿಸುತ್ತಿದ್ದಾಗ ಹಿಂದಿನವನ ಬೆವೆತ ಕೈ ಜಾರಿತು. ಮೂವರು ಕಲಿತ ಪಾಠದ ಪ್ರಕಾರ ಹಿಂದೆ ಹಾರಿದರು. ಪಟಾಕಿಯ ಎಡಗೈ ಮುಂದೆ ಹೋಯಿತು. ಅವನು ಕಳಿಸಿದ್ದಲ್ಲ, ಅದೇ ಹೋಯಿತು, ಆಟದಲ್ಲಿ ಹೋಗುತ್ತಿದ್ದಷ್ಟೇ ವೇಗದಲ್ಲಿ. ವಿಚಿತ್ರವೆಂದರೆ ಅವನು ಅದನ್ನು ಹಿಡಿದೇಬಿಟ್ಟ. ಗಾಜು ಒಡೆಯಲಿಲ್ಲ. ಒರೆಸಿ, ಮಾರನೆಯ ದಿನವೇ ಅದನ್ನು ಅಂಗಡಿಗೆ ಕೂರಿಸಿದರಂತೆ.

ಕಿರುಬೆರಳು, ಉಂಗುರದ ಬೆರಳು ಹೋದವು. ನಡುಬೆರಳು ಉಳಿಯಿತು, ಮಡಚಲು ಬಾರದ ಕಡ್ಡಿಯಾಗಿ. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು. ಆಸ್ಪತ್ರೆಯಿಂದ ಬಂದವನು ಅಕ್ಕನ ಮನೆಯ ಹಿಂಬದಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ. ಅಪ್ಪ ಅಮ್ಮ ಹೋದಮೇಲೆ ಅವನಿಗೆ ಮನೆ ಎಂದರೆ ಅದೊಂದೇ. ಅಕ್ಕ ತಟ್ಟೆ ಇಟ್ಟು ಹೋಗುತ್ತಿದ್ದಳು, ತಟ್ಟೆ ಹಾಗೇ ಇರುತ್ತಿತ್ತು. ಯಜಮಾನ ಕೆಟ್ಟವನಲ್ಲ, ಕೆಲಸದಿಂದ ತೆಗೆಯಲಿಲ್ಲ, ಸಿದ್ಧವಾದ ಕನ್ನಡಿಗಳನ್ನು ಒರೆಸಲು ಕೂರಿಸಿದ. ಬೆಳಗಿನಿಂದ ಸಂಜೆಯವರೆಗೆ ತನ್ನದೇ ಮುಖ ಒರೆಸುವ ಕೆಲಸ. ದಯೆಯಲ್ಲಿ ಇಷ್ಟೊಂದು ಕ್ರೌರ್ಯ ಇರಬಹುದೆಂದು ಯಜಮಾನನಿಗೆ ಹೊಳೆದಿರಲಿಕ್ಕಿಲ್ಲ.

ಒಂದು ರಜೆಯ ದಿನ ಭಾವ ಹಲಗೆ ಕೊಯ್ದು, ಗರಗಸದ ಪುಡಿ ಮೈಗೆಲ್ಲ ಮೆತ್ತಿಕೊಂಡು, ಹೊಸದೊಂದು ಜಾಯ್‌ಸ್ಟಿಕ್ ಪೆಟ್ಟಿಗೆ ಮಾಡಿದ. ಹಿಡಿಕೆಯ ತುದಿಗೆ ನಿಂಬೆಹಣ್ಣಿನ ಗಾತ್ರದ ಮರದ ಗುಂಡು, ಎರಡೇ ಬೆರಳಿಗೆ ಹಿಡಿತ ಸಿಗಲೆಂದು ಅದಕ್ಕೆರಡು ತಗ್ಗು. ತಗ್ಗು ಸರಿಯಾಗಿ ಕೂರುತ್ತದೋ ಇಲ್ಲವೋ ಎಂದು ಮಲಗಿದ್ದ ಬಾಮೈದನ ಕೈಯನ್ನು ಮೂರು ನಾಲ್ಕು ಸಲ ಎತ್ತಿ ನೋಡಿದ್ದ. ಹೊಲಿಗೆ ಮಿಷನ್ನಿನ ಮೇಲೆ ಟೀವಿಯನ್ನೂ ಒಂದು ಹಳೆಯ ಆಟದ ಯಂತ್ರವನ್ನೂ ಇಟ್ಟು, ಪೆಟ್ಟಿಗೆ ಜೋಡಿಸಿ, "ಬಾ, ಒಂದು ಆಡೋಣ" ಎಂದ.

"ಯಾವ ಕೈಲಿ ಆಡ್ಲಿ ಭಾವ?"

"ಇರೋ ಕೈಲಿ ಆಡೋ. ಎದ್ದೇಳು."

ಎದ್ದ, ಆಡಿದ, ಸೋತ. ಹಳೆಯ ಹಾಗೆ ನುಗ್ಗಲು ಹೋದರೆ ಎರಡು ಬೆರಳಿಗೆ ಆ ಪಟಪಟ ಬರುತ್ತಿರಲಿಲ್ಲ, ಸಣಕಲ ಒಂದು ಹೆಜ್ಜೆ ಇಟ್ಟು ಮುಗ್ಗರಿಸಿದವನ ಹಾಗೆ ನಿಲ್ಲುತ್ತಿದ್ದ. ಆ ದಿನವೂ ತಟ್ಟೆ ಹಾಗೇ ಉಳಿಯಿತು.

ಆದರೂ ಮಾರನೆಯ ಸಂಜೆ ತಾನಾಗಿಯೇ ಬಂದು ಕೂತ. ವಾರ ಕಳೆದು ತಿಂಗಳಾಯಿತು. ನುಗ್ಗಲು ಆಗದವನು ಕಾಯುವುದನ್ನು ಕಲಿತ, ಅದೂ ಭಾವನ ಆಟವನ್ನೇ ಪಕ್ಕದಲ್ಲಿ ಕೂತು ಕದ್ದು. ಆದರೆ ಬರೀ ಕಾಯುವುದು ಅವನ ರಕ್ತಕ್ಕೆ ಒಗ್ಗುವಂಥದ್ದಲ್ಲ. ಬಲಗೈ ಇನ್ನೂ ಹಳೆಯದೇ, ಬಟನ್ನುಗಳ ಮೇಲೆ ಅದರ ವೇಗ ಕಿಂಚಿತ್ತೂ ಕಡಿಮೆಯಾಗಿರಲಿಲ್ಲ. ಹಾಗಾಗಿ ಎರಡನ್ನೂ ಕಲಸಿ ಒಂದು ಮಾಡಿದ. ಸಣಕಲನನ್ನು ಕುಕ್ಕರಗಾಲಿನಲ್ಲಿ ಕೂರಿಸಿ ಎದುರಾಳಿಯ ಮೊದಲ ಏಟು ತಡೆಯುವುದು, ಎರಡನೆಯದನ್ನೂ ತಡೆಯುವುದು. ಮೂರನೆಯದು ಮೇಲಿನಿಂದ ಬರುತ್ತದೆ, ಅದು ಹೊರಟ ಗಳಿಗೆಯಲ್ಲೇ ತಲೆ ತಗ್ಗಿಸಿ, ಬಲಗೈಯಲ್ಲಿದ್ದ ಸಿಡಿಮದ್ದನ್ನೆಲ್ಲ ಒಟ್ಟಿಗೆ ಹಚ್ಚಿಬಿಡುವುದು. ಅರ್ಧ ಆಮೆ, ಅರ್ಧ ಮುಂಗುಸಿ. ಯಾರೂ ಹೀಗೆ ಆಡಿದ್ದನ್ನು ಅವನು ನೋಡಿರಲಿಲ್ಲ. ಇದು ತನ್ನದು, ಈ ಮುರಿದ ಕೈಯಿಂದಲೇ ಹುಟ್ಟಿದ್ದು, ಹತ್ತು ಬೆರಳಿದ್ದವನಿಗೆ ಹೊಳೆಯುವುದೇ ಇಲ್ಲ ಎಂದು ಮೊದಲ ಸಲ ಒಳಗೊಳಗೇ ಹಿಗ್ಗಿದ. ಹತ್ತು ಸಲ ಆಡಿದರೆ ನಾಲ್ಕು ಸಲ ಭಾವ ಬೀಳತೊಡಗಿದ. ಪಟಾಕಿ ಊಟ ಮಾಡತೊಡಗಿದ. ತಟ್ಟೆ ತೊಳೆಯುವಾಗ ಅಕ್ಕ ಹಾಡು ಗುನುಗುವುದು ಕೇಳಿಸಿತು.

ವರ್ಷಕ್ಕೊಮ್ಮೆ ಗೇಮ್ ರೂಮಿನಲ್ಲಿ ಪಂದ್ಯಾವಳಿ ನಡೆಯುತ್ತಿತ್ತು. ಕೈ ಹೋದಮೇಲೆ ಅವನು ಆ ಮೆಟ್ಟಿಲು ಹತ್ತಿರಲೇ ಇಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ, "ಈ ಸಲ ಹೆಸರು ಕೊಟ್ಟಿದ್ದೀನಿ" ಎಂದ.

ಭಾವನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಈ ವರ್ಷ ಬೇಡ ಕಣೋ. ಇನ್ನೂ ಸ್ವಲ್ಪ ಕೈ ಕುದುರಲಿ. ಮುಂದಿನ ವರ್ಷ ನೋಡೋಣ."

"ಕೈ ಇನ್ನು ಕುದುರೋದು ಏನಿದೆ ಭಾವ, ಬೆರಳು ಮೊಳೆಯುತ್ತಾ?" ಎಂದು ನಕ್ಕ ಪಟಾಕಿ. ಆಮೇಲೆ ನಗು ನಿಲ್ಲಿಸಿ ಅಕ್ಕನಿಗೆ ಹೇಳಿದ: "ನಂಗೆ ಕಪ್ಪು ಗಿಪ್ಪು ಏನೂ ಬೇಡ ಅಕ್ಕ. ಒಂದೇ ಒಂದು ಪಂದ್ಯ ಗೆದ್ರೆ ಸಾಕು. ಈ ಕೈಲಿ ಇನ್ನೂ ನಂದು ಅಂತ ಏನೋ ಉಳಿದಿದೆ ಅಂತ ಗೊತ್ತಾಗ್ಬೇಕು. ಇಲ್ದಿದ್ರೆ ಕನ್ನಡಿ ಒರೆಸ್ಕೊಂಡು ಮುದುಕ ಆಗ್ತೀನಿ, ಅಷ್ಟೇ."

ಅಕ್ಕ ಭಾವನ ಮುಖ ನೋಡಿದಳು. ಭಾವ ತಟ್ಟೆ ನೋಡಿದ. ಭಾವನಿಗೆ ಹೊಟ್ಟೆಕಿಚ್ಚು ಶುರುವಾಗಿದೆ, ಶಿಷ್ಯ ಮೀರಿಸಿಬಿಟ್ಟಾನೆಂಬ ಭಯ ಎಂದುಕೊಂಡ ಪಟಾಕಿ. ಹಾಗೆ ಅಂದುಕೊಂಡದ್ದಕ್ಕೆ ಒಂದಿಷ್ಟು ಸಂತೋಷವೂ ಆಯಿತು.

ಪಂದ್ಯದ ದಿನ ಮಧ್ಯಾಹ್ನ ಮರದ ಗುಂಡಿನ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು, ಎಡಗೈಯನ್ನು ಜೇಬಿಗೆ ತುರುಕಿಕೊಂಡು ಮೆಟ್ಟಿಲು ಹತ್ತಿದ. ಹಿಂದೆಯೇ ಭಾವ. ಒಳಗಿದ್ದವರು ಸುಮ್ಮನಿರುತ್ತಾರೆಯೇ?

"ಓಹೋ, ಪಟಾಕಿ ಬಂತು! ಒದ್ದೆ ಆಗಿಲ್ಲ ತಾನೇ?"

"ಠುಸ್ ಅನ್ನದಿದ್ರೆ ಸಾಕಪ್ಪ."

ಅವರ ಚೇಷ್ಟೆಯಿಂದ ಅವನಿಗೆ ನೋವಾಗಲಿಲ್ಲ. ಮಾತಾಡದೆ ದಾರಿ ಬಿಟ್ಟುಕೊಟ್ಟವರಿಂದಲೇ ನೋವಾದದ್ದು. ಎದುರಾಳಿ ಯಾರೆಂದು ನೋಡಿದರೆ ಔಷಧಿ ಅಂಗಡಿಯವಳು. ನಡುವಯಸ್ಸಿನ, ಕನ್ನಡಕದ ಹೆಂಗಸು. ಮಧ್ಯಾಹ್ನ ಅಂಗಡಿ ಮುಚ್ಚಿರುವ ಹೊತ್ತಿನಲ್ಲಿ ಇಲ್ಲಿಗೆ ಬರಲು ಶುರುಮಾಡಿ ಕೆಲವು ತಿಂಗಳಾಗಿತ್ತಂತೆ. ಗಾಯ ಹಸಿಯಿದ್ದಾಗ ಅವನಿಗೆ ಮುಲಾಮು, ಪಟ್ಟಿ ಕಟ್ಟಿಕೊಡುತ್ತಿದ್ದವಳು ಇವಳೇ. ಕೈಯ ಕಥೆ ಪೂರ್ತಿ ಗೊತ್ತಿದ್ದವಳು. ಸದ್ಯ, ಸುಲಭದ ತುತ್ತು ಎಂದುಕೊಂಡು ಕೂತ.

ಮೊದಲ ಏಟು ಬಂತು, ತಡೆದ. ಎರಡನೆಯದು ಬಂತು, ತಡೆದ. ಮೂರನೆಯದಕ್ಕೆ ತಲೆ ತಗ್ಗಿಸಿ ಬಲಗೈಯ ಮದ್ದನ್ನೆಲ್ಲ ಹಚ್ಚಿದ. ಮೂರನೆಯ ಏಟು ಬಂದಿರಲೇ ಇಲ್ಲ. ಅವಳು ಎರಡು ಹೊಡೆದು ಅರ್ಧ ಹೆಜ್ಜೆ ಹಿಂದೆ ಸರಿದು ನಿಂತಿದ್ದಳು. ಸಣಕಲ ಖಾಲಿ ಗಾಳಿಗೆ ಗುದ್ದುತ್ತ ಅವಳ ಮುಂದೆಯೇ ಹೋಗಿ ಬಿದ್ದ. ಅವಳು ಎತ್ತಿ ಬಡಿದಳು.

ಅಕಸ್ಮಾತ್ ಇರಬೇಕು ಎಂದುಕೊಂಡ. ಮತ್ತೆ ಒಂದು, ಎರಡು, ಮತ್ತೆ ಅದೇ ಖಾಲಿ. ಮತ್ತೆ ಬಡಿತ. ತಿಂಗಳುಗಟ್ಟಲೆ ಕೈಗೆ ಕುಡಿಸಿದ ಅಭ್ಯಾಸ, ನಿಲ್ಲು ಅಂದರೆ ನಿಲ್ಲುತ್ತದೆಯೇ? ಎರಡನೆಯ ಸುತ್ತಿನಲ್ಲಿ ಬೇರೇನಾದರೂ ಮಾಡೋಣವೆಂದರೆ ಅವನಲ್ಲಿ ಬೇರೇನೂ ಇರಲಿಲ್ಲ. ನೋಡುತ್ತಿದ್ದವರಿಗೆ ಕೂಗಲೂ ಅವಕಾಶ ಸಿಗದಷ್ಟು ಬೇಗ ಮುಗಿದುಹೋಯಿತು. ಯಾರೂ ಠುಸ್ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಪೆಟ್ಟಿಗೆಯ ವೈರು ಸುತ್ತಿಕೊಳ್ಳುತ್ತಿದ್ದಾಗ ಔಷಧಿ ಅಂಗಡಿಯವಳು ಅವನ ಕಡೆ ಬಗ್ಗಿದಳು. ಅವಳ ಕಣ್ಣು ಅವನ ಕೈ ಮೇಲಿರಲಿಲ್ಲ, ಮುಖದ ಮೇಲಿತ್ತು.

"ಕೋಪ ಮಾಡ್ಕೋಬೇಡಿ, ಒಂದು ಮಾತು ಕೇಳ್ಲಾ? ನೀವು ಮೂರನೇ ಏಟಿಗೆ ಕಾಯ್ತೀರ. ಎರಡು ತಡೆದು ಕೂತವನಿಗೆ ಮೂರನೇದು ಯಾರೂ ಹೊಡೆಯಲ್ಲ. ಹೊಡೆದ್ರೆ ತಾನೇ ಸಾಯೋದು ಅಂತ ನನ್ನಂಥ ಹೊಸಬಳಿಗೂ ಗೊತ್ತು. ನಿಮಗೆ ಇಷ್ಟು ದಿನ ಅದನ್ನ ಯಾರು ಹೊಡೀತಾ ಇದ್ರು?"

ತಿರುಗಿ ನೋಡಿದ. ಕುರ್ಚಿಯ ಹಿಂದೆ ನಿಂತಿದ್ದ ಭಾವ ಅಲ್ಲಿರಲಿಲ್ಲ. ಬಾಗಿಲ ಹತ್ತಿರ, ಬೆನ್ನು ತಿರುಗಿಸಿಕೊಂಡು ಚಪ್ಪಲಿ ಹುಡುಕುತ್ತಿದ್ದ, ಚಪ್ಪಲಿ ಕಾಲಲ್ಲೇ ಇದ್ದರೂ.

ಇಬ್ಬರೂ ಮನೆಯ ದಾರಿ ಹಿಡಿದರು. ಪಟಾಕಿ ನಡೆಯುತ್ತ ನಡೆಯುತ್ತ ಒಂದು ವರ್ಷದ ಸಂಜೆಗಳನ್ನೆಲ್ಲ ಹಿಂದಕ್ಕೆ ಬಿಚ್ಚಿ ನೋಡಿದ. ಭಾವ ಬಿದ್ದ ಒಂದೊಂದು ಸಲವೂ ಆ ಮೂರನೆಯ ಏಟು ಎದ್ದದ್ದು ನೆನಪಾಯಿತು, ಹೇಳಿ ಕಳಿಸಿದ ಹಾಗೆ, ಅದೇ ಎತ್ತರದಲ್ಲಿ, ಅದೇ ಹೊತ್ತಿಗೆ. ಕಾಯುವ ಜಾತಿಯವನು, ಬಕಧ್ಯಾನದವನು, ಅಷ್ಟು ಹೊತ್ತು ಕೂತು ಕೊನೆಗೆ ಅಂಥ ಹೊಡೆತಕ್ಕೆ ಕೈ ಹಾಕುತ್ತಾನೆಯೇ? ತನಗೆ ಅನುಮಾನವೇ ಬರಲಿಲ್ಲವಲ್ಲ. ಪಕ್ಕ ಪಕ್ಕ ಕೂತು ಆಡುವ ಆಟ, ಕಣ್ಣು ಪರದೆಯ ಮೇಲೆ. ಗೆದ್ದ ಸಂಭ್ರಮದಲ್ಲಿ ಒಂದು ಸಲವಾದರೂ ಭಾವನ ಕಿವಿ ನೋಡಿರಲಿಲ್ಲ.

ಬಾಗಿಲು ತೆಗೆದ ಅಕ್ಕ ಇಬ್ಬರ ಮುಖ ನೋಡಿದ ಕೂಡಲೇ, "ಹೋಗ್ಲಿ ಬಿಡೋ, ಆಟ ತಾನೇ" ಎಂದಳು.

"ಏನಾಯ್ತು ಅಂತ ನಾನಿನ್ನೂ ಹೇಳೇ ಇಲ್ವಲ್ಲ ಅಕ್ಕ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಅಕ್ಕ ಸೆರಗಿನ ತುದಿ ಹಿಡಿದುಕೊಂಡಳು. ಭಾವ ನೆಲ ನೋಡಿಕೊಂಡು ಹೇಳಿದ: "ನಿಮ್ಮಕ್ಕಂದೇನೂ ತಪ್ಪಿಲ್ಲ. ನಾನೇ ಬಿಟ್ಟುಕೊಟ್ಟೆ."

"ಸುಳ್ಳು ಯಾಕೆ ಹೇಳ್ತೀರ ರೀ? ನಾನೇ ಹೇಳಿದ್ದು" ಎಂದಳು ಅಕ್ಕ. ತಮ್ಮನ ಕಡೆ ತಿರುಗಿದಳು. "ನೀನು ಸೋತ ದಿನ ಊಟ ಮಾಡ್ತಿರ್ಲಿಲ್ಲ. ಗೋಡೆ ಕಡೆ ತಿರುಗಿ ಮಲಗ್ತಿದ್ದೆ. ಇವರಿಗೆ ನಾನು ಕೈ ಮುಗಿದು ಹೇಳ್ದೆ, ಗೆದ್ದು ನಿಮಗೆ ಏನಾಗ್ಬೇಕಿದೆ, ಅವನೊಂದು ತುತ್ತು ತಿನ್ಲಿ ಅಂತ. ಅದೇ ತಪ್ಪಾದ್ರೆ ಆಯ್ತು, ತಪ್ಪೇ. ನಿನ್ನ ಸಾಯೋಕೆ ಬಿಡ್ಬೇಕಾಗಿತ್ತಾ?"

ಬೈಯೋಣವೆಂದರೆ ಅವಳು ಹೇಳಿದ್ದು ನಿಜ. ಸುಮ್ಮನಿರೋಣವೆಂದರೆ ಒಂದು ವರ್ಷ ತಾನು ಕಟ್ಟಿದ್ದೆಲ್ಲ ಇವರ ಕರುಣೆಯ ಅಳತೆಗೆ ಕೊಯ್ದ ಗಾಜು. ಮುರಿದ ಕೈಯಿಂದ ಹುಟ್ಟಿದ್ದು ಎಂದುಕೊಂಡಿದ್ದ ಆಟ ಭಾವನ ಕೈಯಿಂದ ಹುಟ್ಟಿತ್ತು. ಅವನಿಗೆ ಅಳು ಬರಲಿಲ್ಲ. ನಾಚಿಕೆಯಾಯಿತು, ಬಟ್ಟೆಯಿಲ್ಲದೆ ಬೀದಿಯಲ್ಲಿ ನಿಂತವನಿಗಾಗುವಂಥ ನಾಚಿಕೆ.

ಪೆಟ್ಟಿಗೆಯನ್ನು ಹೊಲಿಗೆ ಮಿಷನ್ನಿನ ಮುಂದೆ ಇಟ್ಟ. ಟೀವಿ ಹಾಕಿದ. "ಕೂತ್ಕೊಳ್ಳಿ ಭಾವ."

"ಈಗ ಬೇಡ ಕಣೋ."

"ಕೂತ್ಕೊಳ್ಳಿ. ನಿಮ್ಮ ಆಟ ಆಡಿ. ನಂಗೆ ಕೈ ಇಲ್ಲ ಅನ್ನೋದು ಮರೆತು ಆಡಿ. ಇವತ್ತೂ ಬಿಟ್ಟುಕೊಟ್ರೆ ನಾಳೆಯಿಂದ ನಾನು ಈ ಮನೇಲಿ ಇರಲ್ಲ."

ಭಾವ ಹೆಂಡತಿಯ ಮುಖ ನೋಡಿದ. ಅವಳು ಒಳಗೆ ಹೋದಳು. ಅವನು ಕೂತ.

ಆಮೇಲೆ ನಡೆದದ್ದನ್ನು ಆಟವೆನ್ನುವುದು ಕಷ್ಟ. ಭಾವ ಎರಡು ಹೊಡೆದು ನಿಲ್ಲುತ್ತಿದ್ದ. ಪಟಾಕಿ ಸಿಡಿದು ಖಾಲಿಗೆ ಬೀಳುತ್ತಿದ್ದ. ಭಾವ ಎತ್ತಿ ಬಡಿಯುತ್ತಿದ್ದ. ಮತ್ತೆ, ಮತ್ತೆ. ಭಾವ ಹಲ್ಲು ಕಚ್ಚಿಕೊಂಡು, ಮಾತು ಕೊಟ್ಟವನ ಹಾಗೆ, ಒಂದು ಏಟನ್ನೂ ಉಳಿಸದೆ ಬಡಿದ. ಕಿಟಕಿಯ ಬೆಳಕು ನೆಲದಿಂದ ಗೋಡೆಗೇರಿತು. ಪಟಾಕಿಯ ತೋರುಬೆರಳ ಬುಡದಲ್ಲಿ ಹಳೆಯ ನೋವು ಎದ್ದು ಮೊಣಕೈವರೆಗೆ ಹತ್ತಿತು. ಅವನು ಸೋಲಿನ ಲೆಕ್ಕ ಬಿಟ್ಟು ತನ್ನ ಕೈಯನ್ನೇ ನೋಡತೊಡಗಿದ.

ಅಲ್ಲಿ ಕಂಡಿತು. ಎರಡನೆಯ ಏಟು ತಡೆದ ಕೂಡಲೇ, ಎದುರಿಗೆ ಏನಿದೆ ಏನಿಲ್ಲ ನೋಡದೆ ಎಡಗೈ ತಾನಾಗಿಯೇ ಮುಂದೆ ಹೋಗುತ್ತಿತ್ತು. ಅವನು ಕಳಿಸುತ್ತಿರಲಿಲ್ಲ. ಅಂದು ಗಾಡಿಯ ಹತ್ತಿರ ಹೋದ ಹಾಗೆಯೇ ಹೋಗುತ್ತಿತ್ತು. ಬೆರಳೆರಡು ಹೋದರೂ ಬುದ್ಧಿ ಬಂದಿರಲಿಲ್ಲ ಅದಕ್ಕೆ.

ಮುಂದಿನ ಸುತ್ತಿನಲ್ಲಿ ಒಂದು ತಡೆದ. ಎರಡು ತಡೆದ. ಮೈಯೆಲ್ಲ ಹೋಗು ಹೋಗು ಎನ್ನುತ್ತಿತ್ತು. ಕೈಯನ್ನು ಹಿಂದಕ್ಕೆಳೆದುಕೊಂಡು ನಿಂತ, ಮೊದಲ ದಿನದ ಪಾಠ ಕಲಿತವನ ಹಾಗೆ. ಪರದೆಯ ಮೇಲೆ ಇಬ್ಬರೂ ಸುಮ್ಮನೆ ಎದುರುಬದುರು ನಿಂತರು. ಬಡಿಯಲು ಸಿದ್ಧವಾಗಿದ್ದ ಭಾವನಿಗೆ ಬಡಿಯಲು ಏನೂ ಸಿಗಲಿಲ್ಲ. ತಾಳಲಾರದೆ ಅವನೇ ಒಂದು ಹೆಜ್ಜೆ ಮುಂದಿಟ್ಟ. ಆಗ ಪಟಾಕಿ ಸಿಡಿದ. ಮತ್ತೆ ಕಾದ, ಮತ್ತೆ ಸಿಡಿದ. ಭಾವನ ಆಳು ನೆಲಕ್ಕೆ ಬಿದ್ದು ಮೇಲೇಳಲಿಲ್ಲ. ಒಂದು ಸುತ್ತು.

ಪಟಾಕಿ ಪರದೆ ಬಿಟ್ಟು ತಟ್ಟನೆ ಪಕ್ಕಕ್ಕೆ ತಿರುಗಿದ, ಭಾವನ ಕಿವಿ ನೋಡಲು.

ಭಾವ ಅಳುತ್ತಿದ್ದ. ಎಷ್ಟು ಹೊತ್ತಿನಿಂದಲೋ ಅಳುತ್ತಲೇ ಆಡಿದ್ದನೆಂದು ಕಾಣುತ್ತದೆ, ಅಂಗಿಯ ಕೊರಳು ಒದ್ದೆಯಾಗಿತ್ತು. ಮೂಗು, ಕೆನ್ನೆ, ಕತ್ತು, ಕಿವಿ ಎಲ್ಲ ಒಂದೇ ಕೆಂಪು. ಸೋತ ಕಿವಿ ಯಾವುದು, ಅತ್ತ ಕಿವಿ ಯಾವುದು ಎಂದು ಹೇಗೆ ಬೇರೆ ಮಾಡುವುದು?

"ಬಿಟ್ರಾ ಭಾವ?"

"ಇಲ್ಲ ಕಣೋ. ನಿನ್ನಾಣೆ, ಬಿಡ್ಲಿಲ್ಲ. ಅದು ನಿಂದೇ."

ಹತ್ತು ಸಲದಲ್ಲಿ ನಾಲ್ಕು ಸಲ ಬೀಳುತ್ತಿದ್ದ ದಿನಗಳಲ್ಲೂ ಭಾವ ಇದೇ ದನಿಯಲ್ಲಿ ‘ಭೇಷ್, ಅದು ನಿಂದೇ’ ಎನ್ನುತ್ತಿದ್ದ. ಪಟಾಕಿ ಅವನ ಮುಖವನ್ನು ಬಹಳ ಹೊತ್ತು ನೋಡಿದ, ಕನ್ನಡಿಯಲ್ಲಿ ಕಲೆ ಹುಡುಕುವವನ ಹಾಗೆ. ಏನೂ ಸಿಗಲಿಲ್ಲ.

ಒಳಗಿನಿಂದ ಅಕ್ಕನ ದನಿ ಬಂತು, ಹೆದರಿಕೊಂಡೇ ಕೇಳಿದ ದನಿ: "ಯಾರು ಗೆದ್ರೋ?"

ಪಟಾಕಿಗೆ ಗೊತ್ತಿರಲಿಲ್ಲ. ಭಾವನಿಗೆ ಗೊತ್ತಿತ್ತು, ಆದರೆ ಅವನು ಹೇಳಿದರೆ ಇನ್ನು ಆ ಮನೆಯಲ್ಲಿ ಯಾರೂ ನಂಬುವಂತಿರಲಿಲ್ಲ.